ದವಡೆಯೊಳಗಿನ ಸಿಸ್ಟ್: ಪತ್ತೆ, ಚಿಕಿತ್ಸೆ ಮತ್ತು ಜೋಪಾನವಾಗಿಡಬೇಕಾದ ಕಾಗದಗಳು



"ಹಲ್ಲಿನ ಡಾಕ್ಟರು ಎಕ್ಸ್‌ರೇ ನೋಡಿ ದವಡೆಯಲ್ಲಿ ಸಿಸ್ಟ್ ಇದೆ ಅಂದರು. ನೋವಂತೂ ಇಲ್ಲ. ಆಪರೇಷನ್ ಬೇಕೇ ಬೇಕಾ? ಇದು ಕ್ಯಾನ್ಸರಾ?" ಇಂಥ ಪ್ರಶ್ನೆ ಎದುರಾದ ಮನೆಯವರಿಗಾಗಿ ಈ ಬರಹ. ಗಡಿಯ ಊರುಗಳಲ್ಲಿರುವ ನಮಗೆ ಇದರಲ್ಲಿ ಇನ್ನೊಂದು ತೊಡಕಿದೆ. ವರದಿ ಇಂಗ್ಲಿಷಿನಲ್ಲಿರುತ್ತದೆ. ವೈದ್ಯರು ಕಾಸರಗೋಡಿನಲ್ಲಿ ಮಲಯಾಳದಲ್ಲಿ, ಹೊಸೂರಿನಲ್ಲಿ ತಮಿಳಿನಲ್ಲಿ, ಸೋಲಾಪುರದಲ್ಲಿ ಮರಾಠಿಯಲ್ಲಿ, ಆದೋನಿಯಲ್ಲಿ ತೆಲುಗಿನಲ್ಲಿ ವಿವರಿಸುತ್ತಾರೆ. ಮನೆಗೆ ಬಂದು ಹಿರಿಯರಿಗೆ ಕನ್ನಡದಲ್ಲಿ ಹೇಳುವ ಹೊತ್ತಿಗೆ ಅರ್ಧ ಮಾತು ಬಿಟ್ಟುಹೋಗಿರುತ್ತದೆ.

ಓದಲು ಸಮಯವಿಲ್ಲದವರು ಈ ಮೂರು ಮಾತನ್ನಾದರೂ ನೆನಪಿಡಿ:

1. ನೋವಿಲ್ಲ ಎಂದ ಮಾತ್ರಕ್ಕೆ ಸಿಸ್ಟ್ ಬೆಳೆಯುತ್ತಿಲ್ಲ ಎಂದಲ್ಲ. ಮಾತ್ರೆಗೆ ಊತ ಇಳಿಯಬಹುದು, ಸಿಸ್ಟ್ ಹೋಗುವುದಿಲ್ಲ.
2. ಆಪರೇಷನ್‌ನಲ್ಲಿ ತೆಗೆದ ಚೀಲ ಬಯಾಪ್ಸಿ ಪರೀಕ್ಷೆಗೆ ಹೋಗಬೇಕು.
3. ಎಕ್ಸ್‌ರೇ ಮತ್ತು ಬಯಾಪ್ಸಿ ವರದಿಯನ್ನು ಜಮೀನಿನ ಪತ್ರದಂತೆ ಜೋಪಾನ ಮಾಡಿ. ಹತ್ತು ವರ್ಷದ ಮೇಲೂ ಅದು ಬೇಕಾಗಬಹುದು.

ಸಿಸ್ಟ್ ಎಂದರೇನು?

ಒಳಗೆ ನೀರಿನಂಥ ಅಥವಾ ಗಟ್ಟಿಯಾದ ದ್ರವ ತುಂಬಿರುವ, ಸುತ್ತ ತೆಳ್ಳಗಿನ ಪೊರೆ ಇರುವ ಚೀಲವೇ ಸಿಸ್ಟ್. ದೇಹದ ಬೇರೆ ಮೂಳೆಗಳಿಗಿಂತ ದವಡೆಯ ಮೂಳೆಯಲ್ಲಿ ಇದು ಹೆಚ್ಚು. ಕಾರಣ, ಹಲ್ಲು ರೂಪುಗೊಳ್ಳುವುದು ದವಡೆಯ ಒಳಗೆ. ಮಗು ಗರ್ಭದಲ್ಲಿರುವಾಗಲೇ ಬಾಯಿಯ ಒಳಪದರದ ಜೀವಕೋಶಗಳು ಮೂಳೆಯ ಕಡೆಗೆ ಇಳಿದು ಹಲ್ಲಿನ ಮೊಳಕೆ ಕಟ್ಟುತ್ತವೆ. ಹಲ್ಲು ಬೆಳೆದ ಮೇಲೂ ಆ ಜೀವಕೋಶಗಳ ಚೂರುಪಾರು ಬೇರಿನ ಸುತ್ತ, ವಸಡಿನ ಅಡಿ ಉಳಿದುಕೊಳ್ಳುತ್ತವೆ. ಬೇರಿನ ಸುತ್ತ ಉಳಿಯುವ ಈ ಕಣಗಳನ್ನು ಫ್ರಾನ್ಸಿನ ಮಲಸ್ಸೆ ಎಂಬ ವೈದ್ಯರು 1885ರಲ್ಲಿ ವಿವರಿಸಿದರು. ಇವತ್ತಿಗೂ ಅವಕ್ಕೆ ಅವರದೇ ಹೆಸರು.

ಎಲ್ಲರ ದವಡೆಯಲ್ಲೂ ಈ ಕಣಗಳಿರುತ್ತವೆ. ಸಾಮಾನ್ಯವಾಗಿ ಅವು ಸುಮ್ಮನಿರುತ್ತವೆ. ಸೋಂಕು ತಗುಲಿದಾಗಲೋ ಬೇರೆ ಕಾರಣದಿಂದಲೋ ಎಚ್ಚೆತ್ತರೆ ಹೆಚ್ಚಿ, ನಡುವೆ ಪೊಳ್ಳಾಗಿ, ಚೀಲವಾಗುತ್ತವೆ. ಚೀಲದ ಒಳಗಿನ ದ್ರವ ಗಟ್ಟಿಯಾದಷ್ಟೂ ಸುತ್ತಲಿನ ನೀರನ್ನು ಎಳೆದುಕೊಳ್ಳುತ್ತದೆ. ಒತ್ತಡ ಹೆಚ್ಚಿ ಸುತ್ತಲಿನ ಮೂಳೆ ನಿಧಾನವಾಗಿ ಕರಗುತ್ತದೆ. ಇದು ತಿಂಗಳು, ವರ್ಷಗಳ ಕೆಲಸವಾದ್ದರಿಂದ ನೋವು ಗೊತ್ತಾಗುವುದಿಲ್ಲ.

ಮುಖ್ಯ ಬಗೆಗಳು

ಹಲ್ಲಿಗೆ ಸಂಬಂಧಿಸಿದ ಸಿಸ್ಟ್‌ಗಳಲ್ಲಿ ಹಲವು ಬಗೆಗಳಿದ್ದರೂ ಹೆಚ್ಚಾಗಿ ಕಾಣುವವು ಮೂರು. ಯಾವ ಬಗೆ ಎಂಬುದರ ಮೇಲೆ ಚಿಕಿತ್ಸೆ ನಿಂತಿದೆ.

ಮೊದಲನೆಯದು ರ್ಯಾಡಿಕ್ಯುಲರ್ ಸಿಸ್ಟ್, ಅಂದರೆ ಬೇರಿನ ತುದಿಯ ಸಿಸ್ಟ್. ಒಟ್ಟು ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ. ಹುಳುಕು ಆಳಕ್ಕಿಳಿದೋ, ಬಿದ್ದು ಪೆಟ್ಟಾಗಿಯೋ ಹಲ್ಲಿನ ಒಳಗಿನ ನರ ಸತ್ತುಹೋಗುತ್ತದೆ. ಸೋಂಕು ಬೇರಿನ ತುದಿಯಿಂದ ಮೂಳೆಗೆ ಇಳಿದು ಅಲ್ಲಿ ಚೀಲ ಕಟ್ಟುತ್ತದೆ. ಮೇಲಿನ ಮುಂಭಾಗದ ಹಲ್ಲುಗಳಲ್ಲಿ ಇದು ಸಾಮಾನ್ಯ. ಚಿಕ್ಕಂದಿನಲ್ಲಿ ಸೈಕಲ್‌ನಿಂದ ಬಿದ್ದು ಕಪ್ಪಗಾದ ಮುಂಹಲ್ಲಿನ ಬುಡದಲ್ಲಿ ಇಪ್ಪತ್ತು ವರ್ಷದ ಮೇಲೆ ಸಿಸ್ಟ್ ಕಾಣಿಸಿಕೊಳ್ಳುವುದುಂಟು. ಅಂಥ ಹಲ್ಲನ್ನು ಕಿತ್ತಾಗ ಚೀಲ ಒಳಗೇ ಉಳಿದರೆ, ಹಲ್ಲಿಲ್ಲದ ಜಾಗದಲ್ಲಿ ಅದು ಬೆಳೆಯುತ್ತಲೇ ಹೋಗಬಹುದು. ಅದಕ್ಕೆ ರೆಸಿಡ್ಯುಯಲ್ ಸಿಸ್ಟ್ ಎನ್ನುತ್ತಾರೆ. ಹಲ್ಲಿನ ಸೆಟ್ ಹಾಕಿಸಿಕೊಂಡ ಹಿರಿಯರಿಗೆ "ಸೆಟ್ಟು ಈಗೀಗ ಕೂರುತ್ತಿಲ್ಲ" ಎನಿಸಿದರೆ ಇದೂ ಒಂದು ಕಾರಣವಿರಬಹುದು.

ಎರಡನೆಯದು ಡೆಂಟಿಜೆರಸ್ ಸಿಸ್ಟ್. ವಸಡಿನಿಂದ ಹೊರಬರದೆ ಮೂಳೆಯೊಳಗೇ ಸಿಕ್ಕಿಕೊಂಡ ಹಲ್ಲಿನ ತಲೆಯ ಸುತ್ತ ಇದು ಕಟ್ಟುತ್ತದೆ. ಹೆಚ್ಚಾಗಿ ಕೆಳದವಡೆಯ ಬುದ್ಧಿಹಲ್ಲು, ನಂತರ ಮೇಲಿನ ಕೋರೆಹಲ್ಲು. ಹತ್ತರಿಂದ ಮೂವತ್ತು ವರ್ಷದೊಳಗಿನವರಲ್ಲಿ ಹೆಚ್ಚು. ಹದಿನಾಲ್ಕು ತುಂಬಿದರೂ ಮೇಲಿನ ಕೋರೆಹಲ್ಲು ಬಂದಿಲ್ಲ, ಹಾಲುಹಲ್ಲು ಇನ್ನೂ ಗಟ್ಟಿಯಾಗಿ ನಿಂತಿದೆ ಎಂದರೆ ಒಂದು ಎಕ್ಸ್‌ರೇ ತೆಗೆಸುವುದು ಒಳ್ಳೆಯದು. ಚಿಕ್ಕ ಮಕ್ಕಳಿಗೆ ಹಲ್ಲು ಮೂಡುವ ಜಾಗದಲ್ಲಿ ವಸಡಿನ ಮೇಲೆ ನೀಲಿ ಬಣ್ಣದ ಮೆತ್ತನೆಯ ಗುಳ್ಳೆ ಏಳುವುದುಂಟು. ಇದು ಇದೇ ಕುಟುಂಬದ ಸೌಮ್ಯ ಬಗೆ. ಬಹುಪಾಲು ಹಲ್ಲು ಹೊರಬಂದಾಗ ತಾನೇ ಒಡೆದು ಹೋಗುತ್ತದೆ. ಸೂಜಿಯಿಂದ ಚುಚ್ಚಲು ಹೋಗಬೇಡಿ.

ಮೂರನೆಯದು ಓಡಾಂಟೋಜೆನಿಕ್ ಕೆರಾಟೋಸಿಸ್ಟ್. ಇದು ಕಡಿಮೆ, ಆದರೆ ಹಟಮಾರಿ. ಹೆಚ್ಚಾಗಿ ಕೆಳದವಡೆಯ ಹಿಂಭಾಗದಲ್ಲಿ, ಕಿವಿಯ ಕಡೆಗೆ ಏರುವ ಮೂಳೆಯಲ್ಲಿ ಹುಟ್ಟುತ್ತದೆ. ಮೂಳೆಯ ಉದ್ದಕ್ಕೂ ಒಳಗೊಳಗೇ ಹರಡುವುದರಿಂದ ಹೊರಗೆ ಊತ ಕಾಣುವ ಹೊತ್ತಿಗೆ ತುಂಬಾ ದೊಡ್ಡದಾಗಿರುತ್ತದೆ. ಪೊರೆ ಬಹಳ ತೆಳು, ಸುಲಭವಾಗಿ ಹರಿಯುತ್ತದೆ. ಅದರ ಸುತ್ತ ಮರಿಚೀಲಗಳೂ ಇರಬಹುದು. ಹೀಗಾಗಿ ತೆಗೆದ ಮೇಲೂ ಮತ್ತೆ ಬರುವ ಸಂಭವ ಹೆಚ್ಚು. ಫಿಲಿಪ್ಸೆನ್ 1956ರಲ್ಲಿ ಈ ಹೆಸರಿಟ್ಟರು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಇದನ್ನು ಗಡ್ಡೆಗಳ ಪಟ್ಟಿಗೆ ಸೇರಿಸಿ, 2017ರಲ್ಲಿ ಮತ್ತೆ ಸಿಸ್ಟ್‌ಗಳ ಪಟ್ಟಿಗೆ ತಂದಿತು. ಆದ್ದರಿಂದ ಆ ನಡುವಿನ ಹಳೆಯ ವರದಿಗಳಲ್ಲಿ "ಟ್ಯೂಮರ್" ಎಂದು ಬರೆದಿದ್ದರೆ ಗಾಬರಿಯಾಗಬೇಡಿ. ಅದು ಕ್ಯಾನ್ಸರ್ ಎಂಬ ಅರ್ಥವಲ್ಲ.

ಚಿಕ್ಕ ವಯಸ್ಸಿನಲ್ಲೇ ದವಡೆಯ ಎರಡು ಮೂರು ಕಡೆ ಕೆರಾಟೋಸಿಸ್ಟ್ ಕಂಡರೆ ಗಾರ್ಲಿನ್ ಗೋಲ್ಟ್ಜ್ ಎಂಬ ವಂಶವಾಹಿ ತೊಂದರೆಯ ಬಗ್ಗೆ ವೈದ್ಯರು ಯೋಚಿಸುತ್ತಾರೆ. ಆಗ ಚರ್ಮದ ಪರೀಕ್ಷೆಯನ್ನೂ, ಅಪ್ಪ, ಅಮ್ಮ, ಒಡಹುಟ್ಟಿದವರ ತಪಾಸಣೆಯನ್ನೂ ಹೇಳಬಹುದು.

ಯಾವಾಗ ಅನುಮಾನ ಪಡಬೇಕು?

ಬಹಳಷ್ಟು ಸಿಸ್ಟ್‌ಗಳು ಬೇರೆ ಯಾವುದಕ್ಕೋ ತೆಗೆದ ಎಕ್ಸ್‌ರೇಯಲ್ಲಿ ಅಚಾನಕ್ಕಾಗಿ ಸಿಗುತ್ತವೆ. ಇವು ಕಂಡರೆ ದಂತವೈದ್ಯರಲ್ಲಿಗೆ ಹೋಗಿ:

• ವಸಡಿನ ಮೇಲೆ ಅಥವಾ ದವಡೆಯ ಮೇಲೆ ಗಟ್ಟಿಯಾದ, ನೋವಿಲ್ಲದ ಉಬ್ಬು. ಒತ್ತಿದರೆ ಮೊಟ್ಟೆಯ ಚಿಪ್ಪು ಬಿರಿದಂತೆ ಅನಿಸುವುದು.
• ಒಂದು ಹಲ್ಲು ಕಪ್ಪಗಾಗಿರುವುದು, ಪಕ್ಕದ ಹಲ್ಲುಗಳು ಕಾರಣವಿಲ್ಲದೆ ಸರಿಯುವುದು ಅಥವಾ ಅಲುಗಾಡುವುದು.
• ವಸಡಿನ ಒಂದೇ ಜಾಗದಿಂದ ಮತ್ತೆ ಮತ್ತೆ ಕೀವು ಅಥವಾ ಉಪ್ಪುಪ್ಪಾದ ನೀರು ಬರುವುದು.
• ಬರಬೇಕಾದ ಹಲ್ಲು ಬಾರದಿರುವುದು.
• ಕೆಳತುಟಿ ಅಥವಾ ಗಲ್ಲ ಜೋಮು ಹಿಡಿದಂತಾಗುವುದು. ಇದಕ್ಕೆ ಕಾಯಬೇಡಿ, ಕೂಡಲೇ ತೋರಿಸಿ.

ಮುಖ ಊದಿ ಜ್ವರ ಬಂದು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ನಾಲಿಗೆ ಮೇಲಕ್ಕೆದ್ದಂತಾದರೆ, ಅದು ತುರ್ತು ಸ್ಥಿತಿ. ಕ್ಲಿನಿಕ್ ತೆರೆಯುವವರೆಗೆ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಿ.

ಸಾಮಾನ್ಯವಾಗಿ ನಡೆಯುವ ತಪ್ಪು ಇದು. ಊತ ಬಂದಾಗ ಮೆಡಿಕಲ್ ಶಾಪಿನಿಂದ ಐದು ದಿನದ ಮಾತ್ರೆ ತರುತ್ತೇವೆ. ಊತ ಇಳಿಯುತ್ತದೆ. ಆರು ತಿಂಗಳಿಗೆ ಮತ್ತೆ ಊತ, ಮತ್ತೆ ಮಾತ್ರೆ. ಆಂಟಿಬಯೋಟಿಕ್ ಸೋಂಕನ್ನು ತಗ್ಗಿಸುತ್ತದೆ. ಚೀಲವನ್ನು ಕರಗಿಸುವುದಿಲ್ಲ. ಹೀಗೆ ವರ್ಷಗಳು ಕಳೆದರೆ ಕೆಳದವಡೆ ಒಳಗೆ ಪೊಳ್ಳಾಗಿ, ಚಿಕ್ಕ ಪೆಟ್ಟಿಗೂ ಮುರಿಯುವಷ್ಟು ತೆಳುವಾಗಬಹುದು. ಬೇಗ ಬಂದಿದ್ದರೆ ಒಂದು ಹಲ್ಲಿನ ಚಿಕಿತ್ಸೆಯಲ್ಲಿ ಮುಗಿಯುವುದು ಆಗ ದವಡೆಗೆ ಪ್ಲೇಟ್ ಹಾಕುವವರೆಗೆ ಹೋಗುತ್ತದೆ.

ಪತ್ತೆ ಮಾಡುವ ಬಗೆ

ಹಲ್ಲಿಗೆ ಜೀವವಿದೆಯೇ ಎಂಬ ಪರೀಕ್ಷೆ ಮೊದಲು. ತಣ್ಣನೆಯ ವಸ್ತು ಮುಟ್ಟಿಸಿ ಅಥವಾ ಸಣ್ಣ ವಿದ್ಯುತ್ ಉಪಕರಣದಿಂದ ನೋಡುತ್ತಾರೆ. ಬೇರಿನ ತುದಿಯ ಸಿಸ್ಟ್ ಆದರೆ ಆ ಹಲ್ಲು ಸತ್ತಿರುತ್ತದೆ. ಕೆರಾಟೋಸಿಸ್ಟ್‌ನಲ್ಲಿ ಪಕ್ಕದ ಹಲ್ಲುಗಳಿಗೆ ಸಾಮಾನ್ಯವಾಗಿ ಜೀವವಿರುತ್ತದೆ. ಈ ಪರೀಕ್ಷೆ ಮಾಡದೆ ರೂಟ್ ಕೆನಾಲ್ ಮಾಡಿಬಿಟ್ಟರೆ ಒಳ್ಳೆಯ ಹಲ್ಲು ಹಾಳು, ಕಾಯಿಲೆ ಹಾಗೇ.

ಎಕ್ಸ್‌ರೇಯಲ್ಲಿ ಮೂರು ಹಂತ. ಬಾಯೊಳಗೆ ಇಟ್ಟು ತೆಗೆಯುವ ಚಿಕ್ಕದು ಒಂದೆರಡು ಹಲ್ಲಿಗೆ ಸಾಕು. ಇಡೀ ದವಡೆ ಕಾಣಬೇಕಾದರೆ ಓಪಿಜಿ. ಸಿಸ್ಟ್ ದೊಡ್ಡದಿದ್ದರೆ, ನರಕ್ಕೋ ಮೂಗಿನ ಪಕ್ಕದ ಸೈನಸ್‌ಗೋ ಹತ್ತಿರವಿದ್ದರೆ ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್. ಎಲ್ಲರಿಗೂ ಸಿಬಿಸಿಟಿ ಬೇಕಾಗುವುದಿಲ್ಲ. ಸಿಸ್ಟ್ ಎಕ್ಸ್‌ರೇಯಲ್ಲಿ ಕಪ್ಪು ಉರುಟು ಗುರುತಾಗಿ, ಸುತ್ತ ಬಿಳಿ ಗೆರೆಯೊಂದಿಗೆ ಕಾಣುತ್ತದೆ. ಮೂಳೆಯೊಳಗಿನ ಹಲ್ಲಿನ ಸುತ್ತ ಎರಡು ಮೂರು ಮಿಲಿಮೀಟರ್ ಕಪ್ಪು ಜಾಗ ಸಹಜ. ಅದು 5 ಮಿಲಿಮೀಟರ್ ದಾಟಿದರೆ ಡೆಂಟಿಜೆರಸ್ ಸಿಸ್ಟ್ ಅನುಮಾನ.

ಆದರೆ ಎಕ್ಸ್‌ರೇ ಕೊನೆಯ ಮಾತಲ್ಲ. ಅಮೆಲೋಬ್ಲಾಸ್ಟೋಮಾ ಎಂಬ ಗಡ್ಡೆಯೂ ಎಕ್ಸ್‌ರೇಯಲ್ಲಿ ಥೇಟ್ ಸಿಸ್ಟ್‌ನಂತೆಯೇ ಕಾಣಬಹುದು. ಅದರ ಚಿಕಿತ್ಸೆ ಬೇರೆ, ಹಲವು ಸಲ ಮೂಳೆಯ ಭಾಗವನ್ನೇ ತೆಗೆಯಬೇಕಾಗುತ್ತದೆ. ಆದ್ದರಿಂದ ದೊಡ್ಡ ಸಿಸ್ಟ್ ಆದರೆ ಮೊದಲು ಸೂಜಿ ಹಾಕಿ ದ್ರವ ತೆಗೆದು ನೋಡುತ್ತಾರೆ. ಹುಲ್ಲಿನ ಬಣ್ಣದ ತಿಳಿನೀರು ಬಂದರೆ ಸಾಮಾನ್ಯ ಸಿಸ್ಟ್ ಇರಬಹುದು, ಗಟ್ಟಿ ಬಿಳಿ ಮೊಸರಿನಂಥದು ಬಂದರೆ ಕೆರಾಟೋಸಿಸ್ಟ್ ಅನುಮಾನ, ಬರೀ ರಕ್ತ ಬಂದರೆ ರಕ್ತನಾಳದ ತೊಂದರೆ ಇರಬಹುದೆಂದು ಎಚ್ಚರ. ನಂತರ ಚಿಕ್ಕ ತುಣುಕು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಸಿಸ್ಟ್ ಚಿಕ್ಕದಿದ್ದರೆ ಇಡೀ ಚೀಲ ತೆಗೆದ ಮೇಲೆ ಕಳಿಸುತ್ತಾರೆ. ಎರಡರಲ್ಲಿ ಯಾವುದಾದರೂ ಸರಿ, ಪರೀಕ್ಷೆ ಆಗದೆ ಚೀಲ ಕಸಕ್ಕೆ ಹೋಗಬಾರದು. "ಬಯಾಪ್ಸಿಗೆ ಕಳಿಸುತ್ತೀರಲ್ಲವೇ?" ಎಂದು ಆಪರೇಷನ್‌ಗೆ ಮುಂಚೆಯೇ ವಿನಯದಿಂದ ಕೇಳಿ.

ಬಯಾಪ್ಸಿ ಎಂದರೆ ಕ್ಯಾನ್ಸರ್ ಎಂದು ನಮ್ಮಲ್ಲಿ ಭಯವಿದೆ. ಹಲ್ಲಿನ ಸಿಸ್ಟ್‌ಗಳಲ್ಲಿ ಬಹುತೇಕ ಎಲ್ಲವೂ ಕ್ಯಾನ್ಸರ್ ಅಲ್ಲ. ಹಳೆಯ ಸಿಸ್ಟ್‌ನ ಪೊರೆಯಲ್ಲಿ ಕ್ಯಾನ್ಸರ್ ಹುಟ್ಟುವುದು ತೀರಾ ಅಪರೂಪ, ಆದರೂ ಉಂಟು. ಆ ಅಪರೂಪವನ್ನು ತಳ್ಳಿಹಾಕಲು ಇರುವ ದಾರಿ ಬಯಾಪ್ಸಿಯೇ.

ಚಿಕಿತ್ಸೆ

ಬೇರಿನ ತುದಿಯ ಚಿಕ್ಕ ಗಾಯಗಳು ಬಹಳಷ್ಟು ಸಲ ಸರಿಯಾದ ರೂಟ್ ಕೆನಾಲ್ ಮಾಡಿದರೆ ತಾವೇ ವಾಸಿಯಾಗುತ್ತವೆ. ಕೆಲವು ತಿಂಗಳ ನಂತರ ಎಕ್ಸ್‌ರೇ ತೆಗೆದು ಮೂಳೆ ತುಂಬುತ್ತಿದೆಯೇ ಎಂದು ನೋಡಬೇಕು. ತುಂಬದಿದ್ದರೆ ಅಥವಾ ದೊಡ್ಡದಿದ್ದರೆ, ವಸಡು ಬಿಡಿಸಿ ಚೀಲ ತೆಗೆದು ಬೇರಿನ ತುದಿಯನ್ನು ಕತ್ತರಿಸಿ ಮುಚ್ಚುತ್ತಾರೆ. ಉಳಿಸಲಾಗದ ಹಲ್ಲಾದರೆ ಕಿತ್ತು, ಅದೇ ಗುಳಿಯಿಂದ ಚೀಲವನ್ನೂ ಕೆರೆದು ತೆಗೆಯುತ್ತಾರೆ.

ದೊಡ್ಡ ಸಿಸ್ಟ್‌ಗಳಿಗೆ ಮುಖ್ಯವಾಗಿ ಎರಡು ವಿಧಾನ. ಎರಡನ್ನೂ ರೂಢಿಗೆ ತಂದವರು ಜರ್ಮನಿಯ ಕಾರ್ಲ್ ಪಾರ್ಚ್, ಒಂದನ್ನು 1892ರಲ್ಲಿ, ಇನ್ನೊಂದನ್ನು 1910ರಲ್ಲಿ.

ಎನ್ಯೂಕ್ಲಿಯೇಶನ್ ಎಂದರೆ ಇಡೀ ಚೀಲವನ್ನು ಬಿಡಿಸಿ ತೆಗೆದು ವಸಡು ಹೊಲಿಯುವುದು. ಒಂದೇ ಸಲಕ್ಕೆ ಮುಗಿಯುತ್ತದೆ, ಪೂರ್ತಿ ಚೀಲ ಪರೀಕ್ಷೆಗೆ ಸಿಗುತ್ತದೆ. ಚೀಲ ನರಕ್ಕೆ ತಾಗಿದ್ದರೆ ತುಟಿಗೆ ಜೋಮು ಬರುವ ಅಪಾಯವಿದೆ. ಹಲವರಿಗೆ ತಿಂಗಳುಗಳಲ್ಲಿ ಹೋಗುತ್ತದೆ, ಕೆಲವರಿಗೆ ಉಳಿಯುತ್ತದೆ. ಸಹಿ ಹಾಕುವ ಮುಂಚೆ ಇದನ್ನು ಕೇಳಿ ತಿಳಿಯಿರಿ.

ಮಾರ್ಸುಪಿಯಲೈಸೇಶನ್ ಎಂದರೆ ಚೀಲಕ್ಕೆ ಕಿಟಕಿಯಂತೆ ಬಾಯಿ ಮಾಡಿ, ಅದರ ಅಂಚನ್ನು ಬಾಯಿಯ ಒಳಪದರಕ್ಕೆ ಹೊಲಿದು ತೆರೆದಿಡುವುದು. ಕಾಂಗರೂವಿನ ಹೊಟ್ಟೆಯ ಚೀಲದಂತೆ ಕಾಣುವುದರಿಂದ ಈ ಹೆಸರು. ಕೆಲವೊಮ್ಮೆ ಸಣ್ಣ ಕೊಳವೆ ಇಟ್ಟು ದ್ರವ ಹರಿದುಹೋಗುವಂತೆ ಮಾಡುತ್ತಾರೆ. ಒತ್ತಡ ಇಳಿದರೆ ಚೀಲ ಕುಗ್ಗಿ, ಸುತ್ತ ಮೂಳೆ ಬೆಳೆಯುತ್ತದೆ. ಮಕ್ಕಳಲ್ಲಿ ಸಿಕ್ಕಿಕೊಂಡ ಹಲ್ಲು ತಾನೇ ಹೊರಬರುವುದೂ ಉಂಟು. ನರ, ಹಲ್ಲು, ಮೂಳೆ ಉಳಿಸಬೇಕಾದಲ್ಲಿ ಇದು ಒಳ್ಳೆಯದು. ಆದರೆ ಇದು ತಿಂಗಳುಗಟ್ಟಲೆಯ ಕೆಲಸ. ದಿನಕ್ಕೆರಡು ಸಲ ಸಿರಿಂಜಿನಿಂದ ಉಪ್ಪುನೀರು ಹಾಯಿಸಿ ತೊಳೆಯಬೇಕು, ಆಗಾಗ ಆಸ್ಪತ್ರೆಗೆ ಹೋಗಬೇಕು, ಉಳಿದ ಚೀಲ ತೆಗೆಯಲು ಎರಡನೇ ಆಪರೇಷನ್ ಬೇಕಾಗಬಹುದು. ತಾಳವಾಡಿಯ ಬೆಟ್ಟದ ಊರಿನಿಂದಲೋ ಜತ್ತದ ಹಳ್ಳಿಯಿಂದಲೋ ದೂರದ ನಗರಕ್ಕೆ ಹೋಗುವವರು, ತಿಂಗಳಿಗೆ ಎಷ್ಟು ಸಲ ಬರಲು ಸಾಧ್ಯ ಎಂಬುದನ್ನು ಮೊದಲೇ ಹೇಳಬೇಕು. ಸಂಕೋಚದಿಂದ "ಬರುತ್ತೇನೆ" ಎಂದು ಹೇಳಿ ಬಾರದೆ ಉಳಿದರೆ ಕಿಟಕಿ ಮುಚ್ಚಿಕೊಂಡು ಸಿಸ್ಟ್ ಮತ್ತೆ ತುಂಬುತ್ತದೆ.

ಕೆರಾಟೋಸಿಸ್ಟ್‌ಗೆ ಬರೀ ಚೀಲ ತೆಗೆದರೆ ಸಾಲುವುದಿಲ್ಲ. ಹಲವು ಅಧ್ಯಯನಗಳಲ್ಲಿ ಹಾಗೆ ತೆಗೆದವರಲ್ಲಿ ಸುಮಾರು ಶೇ. 20ರಿಂದ 30 ಮಂದಿಗೆ ಮತ್ತೆ ಬಂದಿದೆ. ಹಾಗಾಗಿ ಚೀಲ ತೆಗೆದ ಗುಳಿಯ ಗೋಡೆಯನ್ನು ಸ್ವಲ್ಪ ಕೆರೆಯುವುದು, ಕಾರ್ನಾಯ್ ದ್ರಾವಣವನ್ನು ಕೆಲವು ನಿಮಿಷ ಹಚ್ಚುವುದು, ಈಚೆಗೆ ಫ್ಲೋರೋಯುರಾಸಿಲ್ ಮುಲಾಮು ಇಡುವುದು ಮುಂತಾದ ಹೆಚ್ಚುವರಿ ಕ್ರಮಗಳಿವೆ. ಪದೇ ಪದೇ ಬಂದರೆ ಮಾತ್ರ ಮೂಳೆಯ ಭಾಗ ತೆಗೆಯುವ ಯೋಚನೆ.

ಚಿಕ್ಕ ಆಪರೇಷನ್‌ಗೆ ಬಾಯಿಗೆ ಮಾತ್ರ ಇಂಜೆಕ್ಷನ್ ಸಾಕು. ದೊಡ್ಡದಕ್ಕೆ ಪೂರ್ತಿ ಮತ್ತು ಬರಿಸಬೇಕಾಗುತ್ತದೆ. ಸಕ್ಕರೆ ಕಾಯಿಲೆ, ಬಿ.ಪಿ., ರಕ್ತ ತೆಳು ಮಾಡುವ ಮಾತ್ರೆ, ಮೂಳೆ ಸವೆತಕ್ಕೆ ತೆಗೆದುಕೊಂಡ ಇಂಜೆಕ್ಷನ್ ಇದ್ದರೆ ಹೇಳಲೇಬೇಕು. ನೀವಾಗಿ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಎಲೆಅಡಿಕೆ, ಗುಟ್ಕಾ ಅಭ್ಯಾಸದಿಂದ ಬಾಯಿ ಪೂರ್ತಿ ತೆರೆಯದವರು ಅದನ್ನೂ ತಿಳಿಸಬೇಕು. ಆಪರೇಷನ್ ಕಷ್ಟವಾಗುವುದು ಅಲ್ಲೇ.

ಆಮೇಲೆ ಏನು?

ಮೊದಲ ವಾರ ಗಂಜಿ, ಮೊಸರನ್ನ, ರವೆ ಗಂಜಿಯಂಥ ಮೆತ್ತನೆಯ ಊಟ. ಮೊದಲ ದಿನ ಜೋರಾಗಿ ಉಗುಳುವುದು, ಬಾಯಿ ಮುಕ್ಕಳಿಸುವುದು ಬೇಡ. ಮರುದಿನದಿಂದ ಬೆಚ್ಚಗಿನ ಉಪ್ಪುನೀರು. ಹೊಗೆಸೊಪ್ಪು, ಬೀಡಿ ಮುಟ್ಟಬಾರದು. ದೊಡ್ಡ ಸಿಸ್ಟ್ ತೆಗೆದವರು ವೈದ್ಯರು ಹೇಳುವವರೆಗೆ ಚಕ್ಕುಲಿ, ಕಬ್ಬು, ಮೂಳೆ ಕಡಿಯಬಾರದು. ದವಡೆ ಇನ್ನೂ ತೆಳುವಾಗಿರುತ್ತದೆ.

ಪೊಳ್ಳು ಜಾಗದಲ್ಲಿ ಮೂಳೆ ತುಂಬಲು ಚಿಕ್ಕದಕ್ಕೆ ಆರು ತಿಂಗಳಿಂದ ಒಂದು ವರ್ಷ, ದೊಡ್ಡದಕ್ಕೆ ಎರಡು ವರ್ಷವೂ ಆಗಬಹುದು. ಕೆರಾಟೋಸಿಸ್ಟ್ ಆಗಿದ್ದವರು ಕನಿಷ್ಠ ಐದು ವರ್ಷ ಪ್ರತಿವರ್ಷ ಎಕ್ಸ್‌ರೇ ತೆಗೆಸಬೇಕು. ಹತ್ತು ವರ್ಷದ ನಂತರ ಮರಳಿ ಬಂದದ್ದೂ ಇರುವುದರಿಂದ ಆಮೇಲೂ ಆಗಾಗ ನೋಡಿಸುತ್ತಿರಬೇಕು.

ಗಡಿ ದಾಟಿ ಚಿಕಿತ್ಸೆಗೆ ಹೋಗುವವರಿಗೆ

ಕಾಸರಗೋಡಿನವರು ಮಂಗಳೂರಿಗೆ, ಹೊಸೂರಿನವರು ಬೆಂಗಳೂರಿಗೆ, ಜತ್ತದವರು ವಿಜಯಪುರಕ್ಕೆ, ಅಕ್ಕಲಕೋಟೆಯವರು ಕಲಬುರಗಿಗೆ, ರಾಯದುರ್ಗದವರು ಬಳ್ಳಾರಿಗೆ ಹೋಗುವುದು ಹಿಂದಿನಿಂದ ಬಂದ ರೂಢಿ. ಗೋವೆಯಲ್ಲಿ ಬಾಂಬೋಳಿಯ ಸರ್ಕಾರಿ ದಂತ ಕಾಲೇಜು, ವಯನಾಡಿನವರಿಗೆ ಕೋಝಿಕ್ಕೋಡಿನ ಸರ್ಕಾರಿ ದಂತ ಕಾಲೇಜು ಇವೆ. ದಂತ ಕಾಲೇಜುಗಳಲ್ಲಿ ದವಡೆ ಶಸ್ತ್ರಚಿಕಿತ್ಸೆ ಮತ್ತು ಬಯಾಪ್ಸಿ ನೋಡುವ ವಿಭಾಗ ಒಂದೇ ಕಡೆ ಇರುವುದರಿಂದ ಓಡಾಟ ಕಡಿಮೆ.

ಊರು ಬದಲಾದಾಗ, ರಾಜ್ಯ ಬದಲಾದಾಗ ಕಳೆದುಹೋಗುವುದು ಕಾಗದ. ಮೂರು ವರ್ಷದ ಹಿಂದೆ ಒಂದು ಕಡೆ ತೆಗೆಸಿದ ಸಿಸ್ಟ್ ಮತ್ತೆ ಬಂದರೆ, ಈಗಿನ ವೈದ್ಯರಿಗೆ ಅದು ಯಾವ ಬಗೆ ಎಂದೇ ಗೊತ್ತಿರುವುದಿಲ್ಲ. ಮತ್ತೆ ಮೊದಲಿನಿಂದ ಶುರು. ಆದ್ದರಿಂದ ಒಂದು ಫೈಲಿನಲ್ಲಿ ಇವಿಷ್ಟನ್ನು ಇಡಿ: ಆಪರೇಷನ್‌ಗೆ ಮುಂಚಿನ ಮತ್ತು ನಂತರದ ಎಕ್ಸ್‌ರೇ, ಬಯಾಪ್ಸಿ ವರದಿ, ಡಿಸ್ಚಾರ್ಜ್ ಚೀಟಿ. ಎಲ್ಲದರ ಫೋಟೋ ಮನೆಯ ಇಬ್ಬರ ಫೋನಿನಲ್ಲಿರಲಿ. ಬಯಾಪ್ಸಿ ವರದಿ ಬರಲು ಒಂದೆರಡು ವಾರ ಬೇಕು. ಹೊಲಿಗೆ ಬಿಚ್ಚಿಸಿದ ಮೇಲೆ ನೋವಿಲ್ಲವೆಂದು ವರದಿ ತರದೆ ಉಳಿಯುವವರೇ ಹೆಚ್ಚು. ಅದನ್ನು ತಂದ ಮೇಲೆಯೇ ಚಿಕಿತ್ಸೆ ಮುಗಿಯಿತೋ ಇಲ್ಲವೋ ಗೊತ್ತಾಗುವುದು.

ವಿಮೆ ಕಾರ್ಡು ಇದ್ದವರು, ನಿಮ್ಮ ರಾಜ್ಯದ ಯೋಜನೆ ಗಡಿಯಾಚೆಯ ಆ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ, ಸಿಸ್ಟ್ ಆಪರೇಷನ್ ಅದರಲ್ಲಿ ಸೇರಿದೆಯೇ ಎಂದು ದಾಖಲಾಗುವ ಮುಂಚೆ ಆಸ್ಪತ್ರೆಯ ಕೌಂಟರ್‌ನಲ್ಲಿ ಕೇಳಿ. ಒಪ್ಪಿಗೆ ಪತ್ರದ ಭಾಷೆ ಬಾರದಿದ್ದರೆ ಓದಿ ಹೇಳುವಂತೆ ಕೇಳುವುದು ನಿಮ್ಮ ಹಕ್ಕು. ಭಾಷೆ ಬಲ್ಲ ಒಬ್ಬರನ್ನು ಜತೆಗೆ ಕರೆದೊಯ್ಯಿರಿ.

ಹಿರಿಯರು ಕೇಳುವ ಎರಡು ಪ್ರಶ್ನೆ

ಮೇಲಿನ ಹಲ್ಲು ಕಿತ್ತರೆ ಕಣ್ಣಿಗೆ ತೊಂದರೆಯೇ? ಇಲ್ಲ. ಹಲ್ಲಿನ ನರ ಬೇರೆ, ನೋಟದ ನರ ಬೇರೆ. ಮೇಲ್ದವಡೆಯ ಸೋಂಕನ್ನು ಹಾಗೇ ಬಿಟ್ಟರೆ ಅದು ಕಣ್ಣಿನ ಸುತ್ತ ಹರಡಬಹುದು ಎಂಬುದೇ ನಿಜವಾದ ಭಯ.

ಲೇಪ, ಲವಂಗದೆಣ್ಣೆಯಿಂದ ಹೋಗುವುದಿಲ್ಲವೇ? ಲವಂಗದೆಣ್ಣೆ ಹಲ್ಲುನೋವಿಗೆ ಸ್ವಲ್ಪ ಹೊತ್ತು ಆರಾಮ ಕೊಡುತ್ತದೆ. ಮೂಳೆಯೊಳಗಿನ ಚೀಲಕ್ಕೆ ಅದು ತಲುಪುವುದೇ ಇಲ್ಲ. ಊದಿದ ಕೆನ್ನೆಗೆ ಬಿಸಿ ಶಾಖ ಕೊಡಬೇಡಿ.

ಈ ಬರಹ ತಿಳಿವಳಿಕೆಗಾಗಿ. ನಿಮ್ಮ ಎಕ್ಸ್‌ರೇ ನೋಡಿದ ವೈದ್ಯರ ಮಾತೇ ಮುಖ್ಯ. ನಿಮ್ಮ ಮನೆಯಲ್ಲಿ ಪೆಟ್ಟುಬಿದ್ದು ಕಪ್ಪಗಾದ ಮುಂಹಲ್ಲಿನವರು, ಹದಿನಾಲ್ಕು ದಾಟಿದರೂ ಕೋರೆಹಲ್ಲು ಬಾರದ ಮಕ್ಕಳು, ತರದೆ ಉಳಿದ ಬಯಾಪ್ಸಿ ವರದಿ ಇದ್ದರೆ ಈ ವಾರವೇ ಹೊರಡಿ. ಬರಹವನ್ನು ನಿಮ್ಮ ಊರಿನ ಘಟಕದವರಿಗೂ ಓದಿ ಹೇಳಿ ಎಂದು ಕೋರುತ್ತೇವೆ.